ಪುಸ್ತಕದ ಹುಲಿಗೆಪ್ಪ, ಕಾಲುವೆಯ ಹುಲಿಗೆಮ್ಮ

ಬೆಳಗಿನ ಐದೂಕಾಲು. ಕಂಪ್ಲಿಯ ಅಕ್ಕಿ ಗಿರಣಿಗಳು ಇನ್ನೂ ಸದ್ದು ಮಾಡಿಲ್ಲ. ಪೇಟೆಯಿಂದ ನಾಲ್ಕು ಕಿಲೋಮೀಟರು ಆಚೆ, ಮಡಿಕಟ್ಟೆಯ ಕಾಲುವೆ ಏರಿಯ ಮೇಲೆ ಹಳೆಯ ಮೊಪೆಡ್ಡೊಂದು ಕೆಮ್ಮುತ್ತಾ ಬಂದು ನಿಲ್ಲುತ್ತದೆ. ಇಳಿದವರು ಅರವತ್ತೊಂದು ವರ್ಷದ ಹುಲಿಗೆಮ್ಮ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾರೆ. ಅದರ ಮೇಲೊಂದು ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು. ತೂಬಿನ ಕಬ್ಬಿಣದ ಚಕ್ರ ಎದುರಿಗೇ ಇದೆ, ಆದರೆ ಅವರು ಅದನ್ನು ಮುಟ್ಟುವುದಿಲ್ಲ. ಮೊದಲು ಕಲ್ಲಿನ ಮೆಟ್ಟಿಲಿಳಿದು ನೀರಿನಂಚಿನಲ್ಲಿ ಕೂತು, ಬಲಗೈಯನ್ನು ಮಣಿಕಟ್ಟಿನವರೆಗೆ ನೀರಿಗಿಳಿಸಿ ಸುಮ್ಮನಾಗುತ್ತಾರೆ. ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ.

"ಮ್ಯಾಲಿನವರು ಯಾರೋ ಗೇಟು ಎತ್ಯಾರ್ರಿ. ನಾಕು ಬಟ್ಟು ಇಳದೈತಿ ನೀರು," ಎನ್ನುತ್ತಾರೆ. ಆಮೇಲೆ ಬ್ಯಾಟರಿ ಬೆಳಕನ್ನು ಕಲ್ಲಿನ ಮೇಲೆ ಬಳಿದ ಅಳತೆಪಟ್ಟಿಗೆ ಬಿಡುತ್ತಾರೆ. ನಿನ್ನೆಗಿಂತ ಮೂರು ಅಂಗುಲ ಕಡಿಮೆ. ಅವರ ನಾಲ್ಕು ಬೆರಳು, ಪಟ್ಟಿಯ ಮೂರು ಅಂಗುಲ, ಎರಡೂ ಒಂದೇ. ಈಗ ಚಕ್ರದ ಸರದಿ. ಪೂರ್ತಿ ತೆರೆಯಲು ಮೂವತ್ತನಾಲ್ಕು ಸುತ್ತು ಬೇಕು. ಇವತ್ತು ಹತ್ತೊಂಬತ್ತಕ್ಕೆ ನಿಲ್ಲಿಸುತ್ತಾರೆ. ತೂಬಿನ ಬಾಯಿಂದ ನೀರು ಹೊರಬೀಳುವ ದನಿ ಕೇಳಿ ಇನ್ನರ್ಧ ಸುತ್ತು ಸೇರಿಸುತ್ತಾರೆ. ನಂತರ ಪ್ಲಾಸ್ಟಿಕ್ ಚೀಲದಿಂದ ಉದ್ದನೆಯ ಪುಸ್ತಕ ತೆಗೆದು, ಒದ್ದೆ ಬೆರಳಿನಿಂದ ಪುಟದ ಮೂಲೆ ಹಿಡಿದು ತಿರುವಿ, ಹೊತ್ತು ಮತ್ತು ಅಳತೆ ಬರೆದು, ಸಹಿಯ ಜಾಗದಲ್ಲಿ 'ಹು.' ಎಂದಷ್ಟೇ ಗೀಚುತ್ತಾರೆ.

ಆ ಪುಸ್ತಕದ ರಟ್ಟಿನ ಮೇಲೆ ದುಂಡನೆಯ ಅಕ್ಷರಗಳಲ್ಲಿ ಮೊದಲಿಗೆ ಹೀಗಿದೆ: 'ನೀರಗಂಟಿ: ಹುಲಿಗೆಪ್ಪ.'

ಈ ಹುಲಿಗೆಪ್ಪ ಯಾರು ಎಂದು ಕೇಳಿದರೆ ಹುಲಿಗೆಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ. "ಭಾಳ ಒಳ್ಳೇವ್ನ್ರಿ ಪಾಪ. ಇಪ್ಪತ್ತೆರಡು ವರ್ಷ ಆತು, ಒಂದಿನ ಎದುರು ಮಾತಾಡಿಲ್ಲ."

ಅರಸರ ಕಾಲದಲ್ಲಿ ಕಲ್ಲು ಕಟ್ಟಿ ಹರಿಸಿದ ಈ ಕಾಲುವೆಯ ಒಂಬತ್ತು ಕಿಲೋಮೀಟರು ಹುಲಿಗೆಮ್ಮನವರ ಪಾಲಿಗೆ ಬರುತ್ತದೆ. ಅದರಲ್ಲಿ ಹನ್ನೊಂದು ತೂಬು, ಆರುನೂರ ನಲವತ್ತು ಎಕರೆ ಭತ್ತ ಮತ್ತು ಕಬ್ಬು, ಇನ್ನೂರ ಹನ್ನೆರಡು ಮನೆಯವರ ಹೊಲ. ದಿನಕ್ಕೆ ಮೂರು ಹೊತ್ತು ಅಳತೆ ಬರೆಯಬೇಕು. ಯಾರ ಪಾಳಿ ಯಾವ ಹೊತ್ತಿಗೆ, ಎಷ್ಟು ತಾಸು ಎಂದು ಹಂಚಬೇಕು. ಕೊನೆಯ ಹೊಲದವನಿಗೂ ಮೊದಲ ಹೊಲದವನಷ್ಟೇ ನೀರು ಮುಟ್ಟಬೇಕು. ನಾಟಿಯ ದಿನಗಳಲ್ಲಿ ಇಬ್ಬರು ರೈತರು ಒಂದೇ ಬದುವಿನ ಮೇಲೆ ಗುದ್ದಲಿ ಹಿಡಿದು ನಿಂತರೆ, ನಡುವೆ ಹೋಗಿ ನಿಲ್ಲುವುದೂ ನೀರಗಂಟಿಯ ಕೆಲಸವೇ. ಈ ಭಾಗದಲ್ಲಿ ಈ ಕೆಲಸಕ್ಕೆ ಹೆಂಗಸೊಬ್ಬರು ಕೈಹಾಕಿದ್ದು ಇವರೇ ಮೊದಲು. ಅದೂ ಅವರ ಬದುಕಿನ ನಾಲ್ಕನೆಯ ಕಸುಬಾಗಿ. ಆ ನಾಲ್ಕರಲ್ಲೂ ಅವರಿಗಿಂತ ಮುಂಚೆ ಆ ಜಾಗದಲ್ಲಿ ಹೆಂಗಸರು ಇರಲಿಲ್ಲ. ನಾಲ್ಕರಲ್ಲಿ ಒಂದರಲ್ಲೂ ಅವರ ಹೆಸರು ಕಾಗದದ ಮೇಲೆ ಉಳಿದಿರಲಿಲ್ಲ.

ಹುಲಿಗೆಮ್ಮ ಹುಟ್ಟಿದ್ದು ಹಂಪಿಯ ಹೊಳೆದಂಡೆಯ ತಳವಾರಘಟ್ಟದಲ್ಲಿ. ತಂದೆ ಹನುಮಂತಪ್ಪ ಬಿದಿರು ಹೆಣೆದು ಹರಿಗೋಲು ಕಟ್ಟುತ್ತಿದ್ದರು, ಅದರಲ್ಲಿ ಜನರನ್ನು ಆನೆಗೊಂದಿಗೆ ದಾಟಿಸುತ್ತಿದ್ದರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಮಗಳು ಹರಿಗೋಲಿಗೆ ಡಾಂಬರು ಬಳಿಯಲು ಕಲಿತಳು, ಈಜು ಕಲಿತಳು. ಅವಳ ಹದಿನಾರನೆಯ ವಯಸ್ಸಿನಲ್ಲಿ ತಂದೆ ಭುಜ ಉಳುಕಿ ಮಲಗಿದಾಗ ಹುಟ್ಟು ಕೈಗೆ ತೆಗೆದುಕೊಂಡಳು. ಮೊದಲ ದಿನ ದಂಡೆಯಲ್ಲಿ ಇಪ್ಪತ್ತು ಜನ ನಿಂತಿದ್ದರು. ಯಾರೂ ಹತ್ತಲಿಲ್ಲ. ಹುಡುಗಿ ಹುಟ್ಟು ಹಾಕುವ ಹರಿಗೋಲು, ನಡುಹೊಳೆಯಲ್ಲಿ ಸುತ್ತಿದರೆ ಏನು ಗತಿ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ಹಾಲಿನ ಕ್ಯಾನು ಹೊತ್ತ ಪಂಪಮ್ಮ ಎಂಬ ಅಜ್ಜಿ ಜನರನ್ನು ಸರಿಸಿಕೊಂಡು ಮುಂದೆ ಬಂದು, ಸೀದಾ ಹರಿಗೋಲಿನಲ್ಲಿ ಕೂತುಬಿಟ್ಟರು. ಅವರು ಅಂದ ಮಾತು ಹುಲಿಗೆಮ್ಮನವರಿಗೆ ಇನ್ನೂ ನೆನಪಿದೆ. "'ಒಂಬತ್ತ ತಿಂಗಳ ಹೊತ್ತು ದಾಟಸಾಕಿ ಹೆಣ್ಣು, ಒಂದ್ ಹೊಳಿ ದಾಟಸಂಗಿಲ್ಲೇನ್ರಲೇ?' ಅಂದ್ಲ್ರಿ ಆ ಮುದುಕಿ. ಹಾಲಿನ ಕ್ಯಾನು ತೊಡಿಮ್ಯಾಲ ಇಟ್ಕೊಂಡು ಕುಂತ್ಲು. ಆಕಿ ಹಿಂದ ಎಲ್ಲಾರೂ ಹತ್ತಿದ್ರು. ಆಕಿ ಹತ್ತಿಲ್ಲಂದ್ರ ನಾನು ಇವತ್ತಿಗೂ ದಂಡ್ಯಾಗ ನಿಂತಿರತಿದ್ದೆ."

ಎಂಟು ವರ್ಷ ಅವರು ಹೊಳೆ ದಾಟಿಸಿದರು. ಮೇಷ್ಟ್ರುಗಳು, ಮೇಕೆಗಳು, ಮದುವೆ ದಿಬ್ಬಣ, ಕ್ಯಾಮರಾ ನೇತುಹಾಕಿಕೊಂಡ ಬಿಳಿ ಪ್ರವಾಸಿಗರು. ಪಂಚಾಯಿತಿಯ ಪಟ್ಟಿಯಲ್ಲಿ ಮಾತ್ರ ಅದು ಮೊದಲು 'ಹನುಮಂತಪ್ಪನ ಹರಿಗೋಲು', ಮದುವೆಯಾದ ಮೇಲೆ 'ಭರಮಪ್ಪನ ಹರಿಗೋಲು'. ಭರಮಪ್ಪ ಅವರ ಗಂಡ. ಒಳ್ಳೆಯ ಮನುಷ್ಯ, ಆದರೆ ಹುಟ್ಟು ಹಿಡಿದರೆ ಹರಿಗೋಲು ನಿಂತಲ್ಲೇ ಬುಗುರಿಯಾಗುತ್ತಿತ್ತಂತೆ.

ಭರಮಪ್ಪನಿಗೆ ಸಂಡೂರಿನ ಗಣಿಯೊಂದರಲ್ಲಿ ಕಲ್ಲಿಗೆ ತೂತು ಕೊರೆಯುವ ಕೆಲಸ ಸಿಕ್ಕಿತು. ಹುಲಿಗೆಮ್ಮ ಅದಿರು ಆರಿಸುವ ಹೆಂಗಸರ ಸಾಲಿನಲ್ಲಿ ಕೂತರು. ಅವರ ಕಣ್ಣು ಮಾತ್ರ ಕೈಯಲ್ಲಿದ್ದ ಅದಿರಿನ ಮೇಲೆ ಇರುತ್ತಿರಲಿಲ್ಲ. ಎದುರಿಗೆ ಲಾರಿಗಳನ್ನು ತೂಗುವ ಕಾಟಾ ಇತ್ತು. ತುಂಬಿದ ಲಾರಿ ಕಾಟಾ ಹತ್ತುವ ಮುಂಚೆಯೇ ಅವರು ಪಕ್ಕದವರ ಕಿವಿಯಲ್ಲಿ ತೂಕ ಹೇಳುತ್ತಿದ್ದರು. ಹರಿಗೋಲು ಎಷ್ಟು ಜನ ಹತ್ತಿದರೆ ಎಷ್ಟು ಮುಳುಗುತ್ತದೆ ಎಂದು ನೋಡಿ ಪಳಗಿದ ಕಣ್ಣು ಅದು, ಟೈರು ಎಷ್ಟು ಕೂತಿದೆ ಎಂದು ನೋಡಿದರೆ ಸಾಕು. ಈ ಸುದ್ದಿ ಮೇಸ್ತ್ರಿಯ ಕಿವಿಗೆ ಬಿತ್ತು. ಪರೀಕ್ಷೆ ಮಾಡಿಯೇಬಿಡೋಣ ಎಂದು ಹತ್ತು ಲಾರಿ ನಿಲ್ಲಿಸಿದರು. ಎಂಟು ಸರಿಯಾಯಿತು. ಮುಂದಿನ ತಿಂಗಳು ಕಾಟಾದ ಕೋಣೆಯಲ್ಲಿ ಹೆಂಗಸೊಬ್ಬರು ಕೂತದ್ದನ್ನು ನೋಡಲು ಡ್ರೈವರುಗಳು ಸುಮ್ಮನೆ ಒಂದು ಸುತ್ತು ಹೆಚ್ಚಿಗೆ ಹಾಕಿಕೊಂಡು ಬರುತ್ತಿದ್ದರು.

ಹತ್ತು ವರ್ಷ ಕೆಂಪು ಧೂಳಿನಲ್ಲಿ ಕಳೆಯಿತು. ಅಲ್ಲಿನ ಚೀಟಿಗಳ ಮೇಲೆ ಹೆಸರಿರಲಿಲ್ಲ, ಪಾಳಿಯ ನಂಬರಷ್ಟೇ ಇರುತ್ತಿತ್ತು. ಆ ಧೂಳು ಭರಮಪ್ಪನ ಎದೆಯಲ್ಲಿ ಕೂತು, ಕೆಮ್ಮಾಗಿ, ಕೊನೆಗೆ ಅವರನ್ನು ಕರೆದುಕೊಂಡು ಹೋಯಿತು. ಮಗಳು ಲಲಿತಾ ಆಗ ಹತ್ತನೆಯ ತರಗತಿ. ಮಣ್ಣು ಮಾಡಿ ಬಂದ ಮೇಲೆ ನೆಂಟರು ಇನ್ನು ಅರಿಶಿಣದ ಬಟ್ಟಲು ಮುಟ್ಟಬಾರದು ಎಂದರು. ಹುಲಿಗೆಮ್ಮ ಮೂರು ದಿನ ಸುಮ್ಮನಿದ್ದರು. ನಾಲ್ಕನೆಯ ದಿನ ಬೆಳಗ್ಗೆ ಎದ್ದು, ಎಂದಿನಂತೆ ಹೊಸ್ತಿಲು ತೊಳೆದು, ಬೊಗಸೆ ತುಂಬ ಅರಿಶಿಣ ಕಲಸಿ ಬಳಿದರು.

"ಅರಿಶಿಣ ಹೊಸ್ತಿಲಿಂದ್ರಿ, ನನ್ನ ಗಂಡಂದಲ್ಲ," ಎನ್ನುತ್ತಾರೆ ಅವರು ಈಗ. "ಮನ್ಯಾಗ ನಾನು ಅದೀನಿ, ಮಗಳು ಐತಿ. ಬಾಗಲಾ ಬರಿದ ಯಾಕ ಇಡ್ಲಿ?" ಅಂದಿನಿಂದ ಇಂದಿನವರೆಗೆ ಅವರ ದಿನ ಶುರುವಾಗುವುದು ಅಲ್ಲಿಂದಲೇ. ಕೈ ಎಷ್ಟೇ ತೊಳೆದರೂ ಬೆರಳ ತುದಿಯ ಹಳದಿ ಪೂರ್ತಿ ಹೋಗುವುದಿಲ್ಲ. ಈ ಹಳದಿ ಬೆರಳನ್ನು ನೆನಪಿಟ್ಟುಕೊಳ್ಳಿ.

ಸಂಡೂರು ಬಿಟ್ಟು ಹೊಸಪೇಟೆಗೆ ಬಂದಾಗ ಅವರ ಕೈಯಲ್ಲಿ ಎರಡು ಟ್ರಂಕು ಇದ್ದವು. ನಿಲ್ದಾಣದ ಹಿಂದಿನ ಬೀದಿಯಲ್ಲಿ ಈಶ್ವರ್ ಎಂಬವರ ಮೋಟಾರು ರಿಪೇರಿ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ. ಕಸ ಗುಡಿಸಲು ಸೇರಿದ ಹುಲಿಗೆಮ್ಮ ತಿಂಗಳೊಳಗೆ ತಂತಿಯ ಸುತ್ತು ಎಣಿಸುತ್ತಿದ್ದರು. ಈಶ್ವರ್ ಅವರಿಗೊಂದು ಸ್ಟೂಲು ಹಾಕಿಕೊಟ್ಟರು. ಹುಲಿಗೆಮ್ಮ ಒಬ್ಬರೇ ಕೂತು ಮುಗಿಸಿದ ಮೊದಲ ಮೋಟಾರು ಕಂಪ್ಲಿಯ ಅಕ್ಕಿ ಗಿರಣಿಯ ವಿರೂಪಾಕ್ಷಪ್ಪನವರದು. ಮೂರನೆಯ ದಿನ ಅವರು ಮೋಟಾರನ್ನು ಹೊತ್ತು ತಂದು ಅಂಗಡಿಯ ಮುಂದೆ ಧೊಪ್ಪನೆ ಇಳಿಸಿ ಕೂಗಾಡಿದರು. ಮೋಟಾರು ಚೆನ್ನಾಗಿಯೇ ತಿರುಗುತ್ತಿತ್ತು, ಆದರೆ ಹಿಂದುಮುಂದಾಗಿ. ಒಂದು ಹನಿ ನೀರೂ ಮೇಲೆ ಬರುತ್ತಿರಲಿಲ್ಲ.

ಈಶ್ವರ್ ಬೈಯಲಿಲ್ಲ. ಎರಡು ತಂತಿಯನ್ನು ಅದಲುಬದಲು ಮಾಡಿ, ಸ್ವಿಚ್ಚು ಹಾಕಿ, "ಮೋಟಾರು ಸುತ್ತಿದ್ದು ಸರಿ ಐತಿ. ದಾರಿ ತಪ್ಪೈತಿ, ಅಷ್ಟ," ಎಂದು ನಕ್ಕರು. ವಿರೂಪಾಕ್ಷಪ್ಪ ಕೂಗಾಡಿದ್ದಕ್ಕೆ ನಾಚಿಕೊಂಡು ಚಹಾ ತರಿಸಿದರು. ಮುಂದಿನ ಮೂರು ವರ್ಷ ಅವರ ಗಿರಣಿಯ, ಗದ್ದೆಯ ಮೋಟಾರುಗಳೆಲ್ಲ ಹುಲಿಗೆಮ್ಮನವರ ಕೈಗೇ ಬಂದವು. ಅಂಗಡಿಯ ರಸೀತಿಯಲ್ಲಿ 'ಈಶ್ವರ್ ವೈಂಡಿಂಗ್ ವರ್ಕ್ಸ್' ಎಂದಿತ್ತು. ಅದಕ್ಕೆ ಹುಲಿಗೆಮ್ಮನವರ ತಕರಾರೇನೂ ಇಲ್ಲ. ಸ್ಟೂಲು ಹಾಕಿಕೊಟ್ಟದ್ದನ್ನು ಮಾತ್ರ ಅವರು ಮತ್ತೆ ಮತ್ತೆ ನೆನೆಯುತ್ತಾರೆ.

ಎರಡು ಸಾವಿರದ ಮೂರರಲ್ಲಿ ವಿರೂಪಾಕ್ಷಪ್ಪನವರ ಗದ್ದೆಯ ಪಂಪು ನೋಡಲು ಮಡಿಕಟ್ಟೆಗೆ ಬಂದಾಗ ಕಾಲುವೆಯ ಮೂರನೆಯ ತೂಬಿನ ಬಳಿ ಜನ ಸೇರಿದ್ದರು. ನಾಟಿಯ ಕಾಲ. ಇದ್ದ ನೀರಗಂಟಿ ಕೆಲಸ ಬಿಟ್ಟು ಹೋಗಿದ್ದ. ತೂಬಿನ ಬಾಗಿಲು ಕಚ್ಚಿಕೊಂಡಿತ್ತು. ನಾಲ್ಕು ಜನ ಗಂಡಸರು ಚಕ್ರಕ್ಕೆ ಜೋತುಬಿದ್ದಿದ್ದರು, ಒಬ್ಬ ಸುತ್ತಿಗೆಯಿಂದ ಬಡಿಯುತ್ತಿದ್ದ. ಹುಲಿಗೆಮ್ಮ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೆಟ್ಟಿಲಿಳಿದು ಕೈಯನ್ನು ನೀರಿಗಿಟ್ಟರು. "ಬಡೀಬ್ಯಾಡ್ರಿ. ಕೆಳಗ ಕಲ್ಲು ಸಿಕ್ಕೈತಿ," ಎಂದವರೇ ಸೆರಗು ಬಿಗಿದು ಕಾಲುವೆಗೆ ಇಳಿದುಬಿಟ್ಟರು. ಎರಡು ಸಲ ಮುಳುಗಿ ಎದ್ದರು. ಮೂರನೆಯ ಸಲ ಎದ್ದಾಗ ಕೈಯಲ್ಲಿ ತೆಂಗಿನಕಾಯಿ ಗಾತ್ರದ ಗುಂಡುಕಲ್ಲಿತ್ತು.

ಅವತ್ತು ಸಂಜೆಯೇ ರೈತರು ಅವರನ್ನು ಇಲ್ಲೇ ಉಳಿಯಿರಿ ಎಂದರು. ವಿರೂಪಾಕ್ಷಪ್ಪ ನೀರು ಬಳಕೆದಾರರ ಸಂಘದ ಅಧ್ಯಕ್ಷರಾಗಿದ್ದರು, ಈಗಲೂ ಅವರೇ. ಸಂಘದಿಂದ ಹೆಸರು ಹೋಯಿತು. ಕಾಲುವೆ ಕಚೇರಿಯ ಗುಮಾಸ್ತ ಕೊಟ್ರಯ್ಯ ಅದನ್ನು ಬರೆದುಕೊಂಡರು. ವರ್ಷದ ಮೊದಲ ಪುಸ್ತಕ ಕೈಗೆ ಬಂದಾಗ ರಟ್ಟಿನ ಮೇಲೆ 'ಹುಲಿಗೆಪ್ಪ' ಎಂದಿತ್ತು. ನಮ್ಮ ಸೀಮೆಯಲ್ಲಿ ಹುಲಿಗೆಮ್ಮ ದೇವಿಯ ಹೆಸರನ್ನು ಹೆಣ್ಣಿಗೂ ಇಡುತ್ತಾರೆ, ಗಂಡಿಗೂ ಇಡುತ್ತಾರೆ. ಹೆಣ್ಣಾದರೆ 'ಮ್ಮ', ಗಂಡಾದರೆ 'ಪ್ಪ'. ನಡುವೆ ಇರುವುದು ಒಂದೇ ಅಕ್ಷರ. ನೀರಗಂಟಿ ಎಂದ ಮೇಲೆ ಗಂಡಸೇ ಇರಬೇಕೆಂದು ಗುಮಾಸ್ತರ ಕೈ ತಾನಾಗಿ 'ಪ್ಪ' ಬರೆದಿದೆ ಎಂದು ಹುಲಿಗೆಮ್ಮ ತಿಳಿದರು. ಹೋಗಿ ಹೇಳಿದರು. ಕೊಟ್ರಯ್ಯ ಕನ್ನಡಕ ಒರೆಸಿಕೊಳ್ಳುತ್ತಾ, "ಇರ್ಲಿ ಬಿಡವ್ವ, ನೀರಿಗೇನ್ ಗೊತ್ತಾಗ್ತದ?" ಎಂದರು. ಕೂಲಿ ಸಂಘದಿಂದ ನೇರ ಕೈಗೆ ಬರುತ್ತಿದ್ದುದರಿಂದ ಮತ್ತೆ ಯಾರೂ ಆ ಹೆಸರನ್ನು ಕೆದಕಲಿಲ್ಲ. ಕೊಟ್ರಯ್ಯ ಸ್ವಾಮಿಗಳಿಗೆ ಕಣ್ಣು ಮಂಜು ಎಂದುಕೊಂಡು ಹುಲಿಗೆಮ್ಮ ತಮ್ಮ ಪಾಡಿಗೆ ತಾವು ಚಕ್ರ ತಿರುಗಿಸಿದರು.

ಕೊಟ್ರಯ್ಯನವರ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಮೂವತ್ತು ವರ್ಷ ಕಾಲುವೆ ಕಚೇರಿಯಲ್ಲಿ ದುಡಿದ ಈ ಮನುಷ್ಯ ಒಮ್ಮೆಯೂ ಕಾಲುವೆಯ ಮೆಟ್ಟಿಲು ಇಳಿದವರಲ್ಲ. ನೀರು ಕಂಡರೆ ಅವರಿಗೆ ಜೀವಭಯ. ಏರಿಯ ಮೇಲೆ ಬಂದರೂ ನೀರಿಗೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದರು. ರೈತರು ಅವರನ್ನು ಒಣಭೂಮಿ ಸ್ವಾಮಿ ಎಂದು ಚುಡಾಯಿಸುತ್ತಿದ್ದರು.

ಇಪ್ಪತ್ತೆರಡು ವರ್ಷದಲ್ಲಿ ಇಪ್ಪತ್ತೆರಡು ಪುಸ್ತಕ ತುಂಬಿ ಸಂಘದ ಬೀರು ಸೇರಿದವು. ಲಲಿತಾಳ ಮದುವೆಯ ದಿನವೂ ಹುಲಿಗೆಮ್ಮ ಬೆಳಗಿನ ಅಳತೆ ಬರೆದೇ ಮಂಟಪಕ್ಕೆ ಹೋದರು. ಈಗ ಮೊಣಕಾಲು ಮೊದಲಿನಂತಿಲ್ಲ. ಬರುವ ಬೇಸಿಗೆಯಲ್ಲಿ ರಿಪೇರಿಗೆ ಕಾಲುವೆ ಬಂದ್ ಆದ ದಿನ ಕೆಲಸ ಬಿಡುವುದೆಂದು ಅವರು ಹೇಳಿದರು. ತಮ್ಮ ಜಾಗಕ್ಕೆ ಯಾರು ಎಂಬುದನ್ನೂ ಹೇಳಿದರು. ಮಡಿಕಟ್ಟೆಯದೇ ತ್ರಿವೇಣಿ, ವಯಸ್ಸು ಇಪ್ಪತ್ತಾರು. ಐಟಿಐಯಲ್ಲಿ ಫಿಟ್ಟರ್ ಓದಿದ್ದಾಳೆ. ಎರಡು ವರ್ಷದಿಂದ ಬಿಡುವಾದಾಗಲೆಲ್ಲ ಇವರ ಹಿಂದೆ ಹಿಂದೆ ಓಡಾಡಿ ಹನ್ನೊಂದೂ ತೂಬಿನ ಸ್ವಭಾವ ಕಲಿತಿದ್ದಾಳೆ. ಸಂಘ ಒಪ್ಪಿತು. ಅರ್ಜಿ ಹೋಯಿತು.

ದಸರೆಗೆ ಮುಂಚೆ ಅರ್ಜಿ ತಿರುಗಿ ಬಂತು. ಜೊತೆಗೊಂದು ಸಾಲು. ಈ ಕೆಲಸವನ್ನು ಹಿಂದೆ ಮಹಿಳೆಯರು ನಿರ್ವಹಿಸಿದ ದಾಖಲೆ ಇದ್ದರೆ ಲಗತ್ತಿಸಿ, ಇಲ್ಲದಿದ್ದರೆ ಪುರುಷ ಅಭ್ಯರ್ಥಿಯ ಹೆಸರು ಸೂಚಿಸಿ.

ನಗಬೇಕೋ ಅಳಬೇಕೋ ಹೇಳಿ. ಇನ್ನೂರ ಹನ್ನೆರಡು ಮನೆಯವರು ದಿನಾ ಉಣ್ಣುವ ಅನ್ನಕ್ಕೆ ಹೆಂಗಸೊಬ್ಬರು ಬಿಟ್ಟ ನೀರು ಸಾಕ್ಷಿ. ಬೀರುವಿನಲ್ಲಿರುವ ಪುಸ್ತಕಗಳು ಮಾತ್ರ ಹುಲಿಗೆಪ್ಪ ಎಂಬ ಗಂಡಸಿನವು.

ಹೊಸದಾಗಿ ಬಂದ ಕಿರಿಯ ಇಂಜಿನಿಯರು ಸಾಗರ ಬೇರೆ ಜಿಲ್ಲೆಯವರು. ವಿನಯವಂತರು, ಯಾರನ್ನೂ ನಿಲ್ಲಿಸಿ ಮಾತಾಡಿಸುವವರಲ್ಲ, ಕುರ್ಚಿ ಕೊಟ್ಟೇ ಮಾತಾಡಿಸುತ್ತಾರೆ. ಕುರ್ಚಿ ಕೊಟ್ಟೇ ಕೇಳಿದರು. "ಅಮ್ಮ, ನೀವು ಇಷ್ಟು ವರ್ಷ ಸಹಾಯ ಮಾಡಿದ್ದೀರಿ, ಸಂತೋಷ. ಆದರೆ ಹುಲಿಗೆಪ್ಪನವರು ಎಲ್ಲಿದ್ದಾರೆ? ಅವರೇ ಬಂದು ಒಂದು ಮಾತು ಬರೆದುಕೊಟ್ಟರೆ ಒಳ್ಳೆಯದು."

ಹುಲಿಗೆಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಹುಲಿಗೆಪ್ಪ ಎಂಬವನು ಇಲ್ಲವೇ ಇಲ್ಲ ಎಂದರೆ, ಹಾಗಾದರೆ ಇದನ್ನು ಬರೆದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಕೊಟ್ರಯ್ಯನವರಿಗೆ ಈಗ ಎಪ್ಪತ್ತನಾಲ್ಕು. ಹೊಸಪೇಟೆಯಲ್ಲಿ ಪಿಂಚಣಿಯ ಮೇಲೆ ದಿನ ದೂಡುತ್ತಿದ್ದಾರೆ. ಸುಳ್ಳು ದಾಖಲೆ ಬರೆದರು ಎಂದು ಆ ಪಿಂಚಣಿಗೆ ಕೈಯಿಟ್ಟರೆ? ಹೇಳದಿದ್ದರೆ ತ್ರಿವೇಣಿಯ ಕೆಲಸ ಹೋಗುತ್ತದೆ. ಹೇಳಿದರೆ ಆ ಮುದುಕರ ಅನ್ನ. ಹುಲಿಗೆಮ್ಮ ಎದ್ದು ಹೊರಗೆ ಬಂದುಬಿಟ್ಟರು.

ತ್ರಿವೇಣಿ ಏರಿಯ ಮೇಲೆ ಸಿಟ್ಟಿನಿಂದ ಎದುರು ನಿಂತಳು. "ದೊಡ್ಡವ್ವ, ಬಾಯಿ ಬಿಡಬೇಕಿಲ್ಲೇನು? ನಾನ ಹುಲಿಗೆಪ್ಪ ಅಂತ ಒಂದ್ ಮಾತು!"

"ಆ ಸ್ವಾಮ್ಯಾರಿಗೆ ಕಣ್ಣು ಕಾಣಸ್ತಿದ್ದಿಲ್ಲವ್ವ. ಅವರ ತಪ್ಪಿನಾಗ ನಾನು ಇಪ್ಪತ್ತೆರಡು ವರ್ಷ ಉಂಡೀನಿ. ಉಂಡ ಮನಿಗೆ ಬೆಂಕಿ ಹಚ್ಚಂಗಿಲ್ಲ ನಾನು," ಎಂದರು ಹುಲಿಗೆಮ್ಮ. "ನಿನಗ ಬ್ಯಾರೆ ದಾರಿ ಹುಡುಕೋಣು."

ತ್ರಿವೇಣಿ ಬೇರೆ ದಾರಿಯನ್ನು ತಾನೇ ಹುಡುಕಿದಳು. ಮರುದಿನ ಹೊಸಪೇಟೆಯ ಬಸ್ಸು ಹತ್ತಿ, ವಿಳಾಸ ಕೇಳಿಕೊಂಡು ಹೋಗಿ, ಕೊಟ್ರಯ್ಯನವರ ಮುಂದೆ ಎಲ್ಲವನ್ನೂ ಹೇಳಿದಳು.

ದಸರೆ ಕಳೆದ ಮಂಗಳವಾರ ಸಂಘದ ಕೋಣೆಯಲ್ಲಿ ಸಭೆ. ವಿರೂಪಾಕ್ಷಪ್ಪ, ಸಾಗರ, ಹದಿನೈದು ಇಪ್ಪತ್ತು ರೈತರು. ಹುಲಿಗೆಮ್ಮ ಬಾಗಿಲ ಹತ್ತಿರ ಕೂತಿದ್ದರು. ಮಾತು ಶುರುವಾಗುವ ಹೊತ್ತಿಗೆ ಬಿಳಿ ಧೋತರದ ಮುದುಕರೊಬ್ಬರು ತ್ರಿವೇಣಿಯ ಭುಜ ಹಿಡಿದು ಒಳಗೆ ಬಂದರು. ಕಾಲುವೆಯ ಕಡೆಗಿನ ಕುರ್ಚಿ ಬಿಟ್ಟು, ಗೋಡೆಯ ಕಡೆಗಿನ ಕುರ್ಚಿಯಲ್ಲಿ ಕೂತರು. ಹಳಬರಿಗೆ ಅಷ್ಟರಲ್ಲೇ ಗುರುತು ಸಿಕ್ಕಿತು.

"ನಾನು ಕೊಟ್ರಯ್ಯ. ಹುಲಿಗೆಪ್ಪ ಅಂತ ಬರದಾಂವ ನಾನ," ಎಂದರು ಅವರು. "ಆದ್ರ ತಪ್ಪಿ ಬರದಿದ್ದಲ್ಲ."

ಹುಲಿಗೆಮ್ಮ ತಲೆ ಎತ್ತಿ ನೋಡಿದರು.

"ಮೊದಲನೇ ಪತ್ರದಾಗ ಹುಲಿಗೆಮ್ಮ ಅಂತನ ಬರದು ಕಳಿಸಿದ್ದೆ. ಎಂಟು ದಿನಕ್ಕ ತಿರುಗಿ ಬಂತು. ಗಂಡಸಿನ ಹೆಸರು ಕಳಸ್ರಿ ಅಂತ ಬದಿಗೆ ಕೆಂಪು ಶಾಯಿಲೆ ಬರದಿದ್ರು. ನಾಟಿ ಕಾಲ. ಸಸಿ ಒಣಗಾಕತ್ತಿತ್ತು. ಈ ಹೆಣ್ಮಗಳು ಕಾಲುವ್ಯಾಗ ಮುಳುಗಿ ಕಲ್ಲು ತಗದಿದ್ದನ್ನ ನಾನು ಏರಿಮ್ಯಾಲ ನಿಂತು ನೋಡಿದ್ದೆ. ನನಗ ನೀರಂದ್ರ ಅಂಜಿಕಿ. ಅವತ್ತು ಮಾತ್ರ ತಿರುಗಿ ನಿಂತು ನೋಡಿದೆ. ಇಂಥಾಕಿನ್ನ ಒಂದ್ ಅಕ್ಷರಕ್ಕ ಕಳಕೊಳ್ಳೋದೇನು ಅನ್ನಿಸ್ತು. ಎರಡನೇ ಪತ್ರದಾಗ ಮ್ಮ ತಗದು ಪ್ಪ ಮಾಡಿದೆ. ಮಂಜೂರಾತು. ಆಕಿ ಬಂದು ಕೇಳಿದಾಗ ಹೇಳ್ಲಿಲ್ಲ. ಹೇಳಿದ್ರ ಆಕಿ ಬಿಟ್ಟು ಹೋಗ್ತಿದ್ಲು, ಸುಳ್ಳಿನಾಗ ಇರಾಕಿ ಅಲ್ಲ."

ಸಾಗರ ಪೆನ್ನು ಕೆಳಗಿಟ್ಟರು. "ಸರ್, ನಿಮ್ಮ ಮಾತನ್ನು ನಾನು ನಂಬುತ್ತೇನೆ. ಆದರೆ ಮೇಲಿನವರಿಗೆ ಮಾತು ಸಾಲುವುದಿಲ್ಲ. ಪುಸ್ತಕದಲ್ಲಿ ಅಂಕಿಗಳಿವೆ, 'ಹು.' ಎಂಬ ಸಹಿ ಇದೆ. ಅಂಕಿಗೆ ಗಂಡು ಹೆಣ್ಣು ಅಂತ ಇಲ್ಲವಲ್ಲ."

"ಅಂಕಿ ಯಾಕ ನೋಡ್ತೀರಿ ಸಾಹೇಬ್ರ?" ಎಂದರು ಕೊಟ್ರಯ್ಯ. "ಪುಟದ ಮೂಲಿ ನೋಡ್ರಿ."

ವಿರೂಪಾಕ್ಷಪ್ಪ ಬೀರು ತೆಗೆದು ಪುಸ್ತಕಗಳನ್ನು ಮೇಜಿನ ಮೇಲೆ ಪೇರಿಸಿದರು. ಸಾಗರ ಮೊದಲನೆಯದನ್ನು ತೆರೆದರು. ಪುಟದ ಕೆಳಗಿನ ಬಲಮೂಲೆಯಲ್ಲಿ ಒಂದು ಹಳದಿ ಬೆರಳಚ್ಚು. ಮುಂದಿನ ಪುಟದಲ್ಲೂ ಒಂದು. ಅದರ ಮುಂದಿನದರಲ್ಲೂ. ಹತ್ತನೆಯ ಪುಸ್ತಕ ತೆರೆದರು, ಹದಿನೇಳನೆಯದು ತೆರೆದರು. ಬೆಳಕು ಕಾಣದ ಬೀರುವಿನಲ್ಲಿ ಬಣ್ಣ ಹಾಗೆಯೇ ಉಳಿದಿತ್ತು. ಹೊಸ್ತಿಲಿನ ಅರಿಶಿಣ, ಕಾಲುವೆಯ ನೀರಿನಲ್ಲಿ ಒದ್ದೆಯಾಗಿ, ವರ್ಷಕ್ಕೆ ಮುನ್ನೂರು ದಿನದಂತೆ ಇಪ್ಪತ್ತೆರಡು ವರ್ಷ ಪುಟ ತಿರುವಿತ್ತು. ಹುಲಿಗೆಮ್ಮನವರೇ ಅದನ್ನು ಎಂದೂ ಗಮನಿಸಿರಲಿಲ್ಲ. ಅವರು ನೋಡುತ್ತಿದ್ದದ್ದು ಹೊಸ ಪುಟವನ್ನು ಮಾತ್ರ.

"ಪುಸ್ತಕ ಕಚೇರಿಗೆ ಬಂದಾಗೆಲ್ಲ ನಾನು ಇದನ್ನ ನೋಡತಿದ್ದೆ," ಎಂದರು ಕೊಟ್ರಯ್ಯ. "ಹೇಳ್ರಿ ಸಾಹೇಬ್ರ, ಯಾವ ಹುಲಿಗೆಪ್ಪ ಬೆಳಿಗ್ಗೆ ಎದ್ದು ಅರಿಶಿಣ ಕಲಸಿ ನೀರಿನ ಅಳತಿ ಬರಿಯಾಕ ಬರತಾನ?"

ಮೊದಲು ನಕ್ಕವರು ವಿರೂಪಾಕ್ಷಪ್ಪ. ಆಮೇಲೆ ಇಡೀ ಕೋಣೆ ನಕ್ಕಿತು. ಹುಲಿಗೆಮ್ಮ ಒಬ್ಬರೇ ಅಳುತ್ತಿದ್ದರು. ಕಣ್ಣು ಮಂಜಾಗಿದೆ ಎಂದು ತಾವು ತಿಳಿದ ಮನುಷ್ಯ ಎಲ್ಲರಿಗಿಂತ ಸ್ಪಷ್ಟವಾಗಿ ಕಂಡಿದ್ದರು, ಕಂಡದ್ದನ್ನು ಇಪ್ಪತ್ತೆರಡು ವರ್ಷ ತಮ್ಮೊಳಗೇ ಇಟ್ಟುಕೊಂಡಿದ್ದರು. ಎದ್ದು ಹೋಗಿ ಅವರ ಕಾಲು ಮುಟ್ಟಿದರು. "ಬ್ಯಾಡವ್ವ ಬ್ಯಾಡ," ಎಂದು ಆ ಹಿರಿಯರು ಕಾಲು ಹಿಂದಕ್ಕೆಳೆದುಕೊಂಡರು.

ಸಾಗರ ಆ ದಿನ ಇಪ್ಪತ್ತೆರಡು ಪುಸ್ತಕಗಳ ಮೂಲೆಗಳ ಫೋಟೊ ತೆಗೆದು ಅರ್ಜಿಯ ಜೊತೆ ಕಳಿಸಿದರು. ಕಚೇರಿಯ ಕಡತವೊಂದರಲ್ಲಿ ಹೊಸ್ತಿಲಿನ ಅರಿಶಿಣ ದಾಖಲೆಯಾಗಿ ಕೂತದ್ದು ಇದೇ ಮೊದಲಿರಬೇಕು. ಮೂರನೆಯ ವಾರ ಮಂಜೂರಾತಿ ಬಂತು. ಕೊಟ್ರಯ್ಯನವರ ತಂಟೆಗೆ ಯಾರೂ ಹೋಗಲಿಲ್ಲ. ಹಳೆಯ ರಟ್ಟುಗಳ ಮೇಲೆ ಹುಲಿಗೆಪ್ಪ ಎಂಬುದನ್ನು ಹೊಡೆದುಹಾಕಿ ಹುಲಿಗೆಮ್ಮ ಎಂದು ಬರೆಸೋಣ ಎಂದು ಸಾಗರ ಕೆಂಪು ಪೆನ್ನು ತೆಗೆದರು.

ಹುಲಿಗೆಮ್ಮ ಅವರ ಕೈ ತಡೆದರು. "ಅವನ್ನ ಹೊಡೀಬ್ಯಾಡ್ರಿ ಸಾಹೇಬ್ರ. ನನ್ನ ಮಗಳ ಮದುವಿ ಮಾಡ್ಯಾನ, ನನ್ನ ಮನಿ ನಡಿಸ್ಯಾನ. ಇದ್ದಲ್ಲೇ ಇರ್ಲಿ. ಬಾಜೂಕ ನನ್ನ ಹೆಸರು ಬರೀರಿ, ಸಾಕು. ಮುಂದಿನ ಪುಸ್ತಕದ ಮ್ಯಾಲ ತ್ರಿವೇಣಿ ಅಂತ ದಪ್ಪನ್ನ ಅಕ್ಷರದಾಗ ಬರೀರಿ."

ಹಾಗಾಗಿ ಈಗ ಆ ರಟ್ಟುಗಳ ಮೇಲೆ ಇಬ್ಬರ ಹೆಸರಿದೆ.

ಬೆಳಕು ಹರಿದಿದೆ. ಏರಿಯ ಮೇಲೆ ತ್ರಿವೇಣಿಯ ಸ್ಕೂಟಿ ಬಂದು ನಿಲ್ಲುತ್ತದೆ. ಕೈಯಲ್ಲಿ ಗ್ರೀಸಿನ ಡಬ್ಬಿ. ಅವಳಿಗೆ ಅರಿಶಿಣದ ಅಭ್ಯಾಸವಿಲ್ಲ. ತೂಬಿನ ತಿರುಪಿಗೆ ಗ್ರೀಸು ಬಳಿದು, ಹಾಗೇ ಬಂದು ಪುಸ್ತಕ ನೋಡುತ್ತಾಳೆ. ಪುಟದ ಹಳದಿ ಮೂಲೆಯ ಪಕ್ಕ ಕಪ್ಪು ಬೆರಳೊಂದು ಮೂಡುತ್ತದೆ. "ಕೈ ಒರಸ್ಕೋಲೇ," ಎಂದು ಹುಲಿಗೆಮ್ಮ ಗದರುತ್ತಾರೆ. ಮರುಕ್ಷಣ, "ಇರ್ಲಿ ಬಿಡು. ನಾಳೆ ಯಾರರ ಕೇಳಿದ್ರ ಬೇಕಾದೀತು," ಎನ್ನುತ್ತಾರೆ.

ಕೆಲಸ ಬಿಟ್ಟ ಮೇಲೆ ಏನು ಮಾಡುತ್ತೀರಿ ಎಂದರೆ ಅವರ ಹತ್ತಿರ ಒಂದೇ ಆಸೆ ಇದೆ. "ಬ್ಯಾಸಿಗ್ಯಾಗ ಹೊಳಿ ತಣ್ಣಗ ಇರ್ತದ. ಕೊಟ್ರಯ್ಯ ಸ್ವಾಮ್ಯಾರನ್ನ ತಳವಾರಘಟ್ಟಕ್ಕ ಕರ್ಕೊಂಡು ಹೋಗಿ, ಹರಿಗೋಲಿನಾಗ ಕುಂದ್ರಿಸಿ, ಆ ದಂಡಿಗೆ ಮುಟ್ಟಿಸಬೇಕ್ರಿ. ಪಂಪಮ್ಮ ದಾಟಿಸ್ಯಾಳ, ಈಶ್ವರಣ್ಣ ದಾಟಿಸ್ಯಾನ, ಎಲ್ಲಾರಿಗಿಂತ ಹೆಚ್ಚು ಇವರು ದಾಟಿಸ್ಯಾರ. ನಾನೂ ಒಂದ್ ಸಲ ಅವರನ್ನ ದಾಟಸಬ್ಯಾಡೇನ್ರಿ?"

ಹೇಳಿದವರೇ ಫೋನು ತೆಗೆದು ಹೊಸಪೇಟೆಗೆ ಹಚ್ಚುತ್ತಾರೆ, ಸ್ಪೀಕರ್ ಒತ್ತುತ್ತಾರೆ. ಆ ಕಡೆಯಿಂದ ಕೊಟ್ರಯ್ಯನವರ ಗಾಬರಿಯ ದನಿ ಕಾಲುವೆಯ ಸದ್ದಿನ ಮೇಲೂ ಕೇಳುತ್ತದೆ. "ಏ ಯವ್ವಾ, ನನಗ ನೀರು ನೋಡಿದ್ರ ಜೀವ ಹೋಗ್ತದ! ಅದರಾಗ ನಿನಗ ಅರವತ್ತು ದಾಟ್ಯಾವು. ಹುಟ್ಟು ಹಾಕೋರ್ ಯಾರು?"

ಹುಲಿಗೆಮ್ಮ ಚಕ್ರದ ಮೇಲೆ ಕೈಯಿಟ್ಟು ನಗುತ್ತಾರೆ.

"ಹುಲಿಗೆಪ್ಪ ಹಾಕ್ತಾನ್ರಿ ಸ್ವಾಮ್ಯಾರ. ನೀವು ಸುಮ್ನ ಕುಂದ್ರಿ."